ಒಂದು ಹಲಗೆ, ಒಂಬತ್ತು ಹೆಂಗಸರು

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ನೆಲಮಹಡಿಯ ಕೋಣೆಯ ಎರಡು ಕಿಟಕಿಗಳೂ ತೆರೆದಿವೆ, ಆದರೂ ಒಳಗೆ ಸೀಮೆಎಣ್ಣೆಯ ವಾಸನೆ. ಎಪ್ಪತ್ತೊಂಬತ್ತು ವರ್ಷದ ಉಳಿಯಕ್ಕ ಗಾಜಿನ ತುಂಡಿನ ಮೇಲೆ ಕಪ್ಪು ಶಾಯಿ ಹಾಕಿ ರೋಲರ್ ಎಳೆಯುತ್ತಿದ್ದಾರೆ. ಈ ಹಂತದಲ್ಲಿ ಅವರು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಾರೆ. ಶಾಯಿ ದಪ್ಪಗಿದ್ದಾಗ ರೋಲರ್ ಪಚಪಚ ಎನ್ನುತ್ತದೆ. ಹದಕ್ಕೆ ಬಂದಾಗ ಆ ಸದ್ದು ಸಣ್ಣದಾಗುತ್ತದೆ, ಒಣಗಿದ ಎಲೆಯ ಮೇಲೆ ಬೆರಳಾಡಿಸಿದಷ್ಟು.

“ಕೇಳಿಸ್ತಾ? ಈಗ ಸರಿಯಾಯ್ತು” ಎನ್ನುತ್ತಾರೆ.

ಮೇಜಿನ ಮೇಲೆ, ನೆಲಕ್ಕೆ ಹಾಸುವ ಲಿನೋಲಿಯಂನಲ್ಲಿ ಚಿತ್ರ ಕೆತ್ತಿದ ಹಲಗೆ ಇದೆ. ಹದಿನೆಂಟು ಇಂಚು ಉದ್ದ, ಹದಿನಾಲ್ಕು ಇಂಚು ಅಗಲ. ಅದರ ಮೇಲೆ ಶಾಯಿ ಬಳಿದು, ಹಿಂದಿನ ಸಂಜೆ ಒದ್ದೆಬಟ್ಟೆಗಳ ನಡುವೆ ಇಟ್ಟಿದ್ದ ಕಾಗದವನ್ನು ಎರಡು ಮೂಲೆ ಹಿಡಿದು ಇಳಿಸುತ್ತಾರೆ. ಮಗಳು ಪ್ರೆಸ್ಸಿನ ಚಕ್ರ ತಿರುಗಿಸುತ್ತಾಳೆ. ಹಲಗೆ ಉರುಳೆಯ ಕೆಳಗೆ ಹೋಗಿ ಆಚೆ ಬರುತ್ತದೆ. ಉಳಿಯಕ್ಕ ಕಾಗದವನ್ನು ನಿಧಾನವಾಗಿ ಸುಲಿದು, ಬೆಳಕಿಗೆ ತಿರುಗಿಸಿ ನೋಡುತ್ತಾರೆ.

ಚಿತ್ರದಲ್ಲಿ ಒಂದು ಉದ್ದನೆಯ ಕೋಣೆ, ನಡುವೆ ಕೈಪ್ರೆಸ್ಸು, ಸುತ್ತ ಉಳಿಯಕ್ಕನೂ ಸೇರಿ ಒಂಬತ್ತು ಹೆಂಗಸರು. ಐದು ತಿಂಗಳ ಕೆಲಸ ಅದು. ಉಳಿಯಕ್ಕನ ಮುಖ ಅರಳಬೇಕಿತ್ತು. ಅರಳುವುದಿಲ್ಲ. ಕಾಗದವನ್ನು ಹಗ್ಗಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ಕೂತು, ಕೈ ಒರೆಸಿಕೊಳ್ಳುತ್ತಾರೆ.

“ಆನೆಗೆ ತಲೆ ನರೆತುಬಿಟ್ಟಿದೆ ಕಣೇ” ಎಂದು ಮಗಳಿಗೆ ಹೇಳುತ್ತಾರೆ.

ಆನೆ ಎಂದರೆ ಆ ಒಂಬತ್ತು ಜನರಲ್ಲಿ ಒಬ್ಬಾಕೆ. ನಾಲ್ಕೂವರೆ ಅಡಿ ಎತ್ತರ ದಾಟದ, ಆದರೆ ಉಳಿಯಕ್ಕ ಹಿಂದೆ ದುಡಿದ ಇಡೀ ಲೇಬಲ್ ಕಾರ್ಖಾನೆಯಲ್ಲಿ ಅತಿ ಭಾರದ ಚಕ್ರ ತಿರುಗಿಸುತ್ತಿದ್ದ ಕೆಲಸಗಾರ್ತಿ. ಚಿತ್ರದಲ್ಲಿ ಆಕೆಗೆ ಇಪ್ಪತ್ತೆರಡು ವರ್ಷ. ಕೂದಲು ಮಾತ್ರ ಬೂದಿಯ ಬಣ್ಣ. ಪ್ರೆಸ್ಸಿನ ಆಚೆ ಬದಿಯಲ್ಲಿ ನಿಂತ ದೊಡ್ಡಮ್ಮ ಎಂಬ ಹಿರಿಯಾಕೆಗೆ ಆಗಲೇ ಅರವತ್ತು ದಾಟಿತ್ತು, ತಲೆ ಪೂರ್ತಿ ನರೆತಿತ್ತು. ಚಿತ್ರದಲ್ಲಿ ದೊಡ್ಡಮ್ಮನ ಕೂದಲು ಕಡುಕಪ್ಪು.

ಈ ಅದಲುಬದಲು ಹೇಗಾಯಿತು, ಅದನ್ನು ಯಾಕೆ ತಿದ್ದಲಾಗುವುದಿಲ್ಲ ಎಂಬುದು ತಿಳಿಯಬೇಕಾದರೆ ಕೆಲಸದ ಕ್ರಮ ತಿಳಿಯಬೇಕು. ಉಳಿ ಆಡಿದ ಜಾಗ ತಗ್ಗಾಗುತ್ತದೆ, ಶಾಯಿ ಅಲ್ಲಿಗೆ ಹತ್ತುವುದಿಲ್ಲ. ಸಾಮಾನ್ಯವಾಗಿ ಬಣ್ಣಕ್ಕೊಂದು ಹಲಗೆ ಕೆತ್ತುತ್ತಾರೆ. ಉಳಿಯಕ್ಕ ನಾಲ್ಕು ಬಣ್ಣಕ್ಕೂ ಒಂದೇ ಹಲಗೆ ಬಳಸುತ್ತಾರೆ. ಮೊದಲು ಎಲ್ಲ ಕಾಗದಗಳ ಮೇಲೆ ಹಳದಿ ಒತ್ತುವುದು, ಹಳದಿಯಾಗಿಯೇ ಉಳಿಯಬೇಕಾದ ಭಾಗವನ್ನು ಹಲಗೆಯಿಂದ ಕೆತ್ತಿ ತೆಗೆಯುವುದು, ಅದರ ಮೇಲೆ ಇಟ್ಟಿಗೆಗೆಂಪು ಒತ್ತುವುದು, ಮತ್ತೆ ಕೆತ್ತುವುದು, ಆಮೇಲೆ ಬೂದು, ಕೊನೆಗೆ ಕಪ್ಪು. ಬಣ್ಣ ಮುಂದೆ ಹೋದಂತೆ ಹಲಗೆ ಸವೆಯುತ್ತದೆ. ಕಪ್ಪು ಒತ್ತುವ ಹೊತ್ತಿಗೆ ಅದರ ಮೇಲೆ ಉಳಿದಿರುವುದು ಕೂದಲು, ನೆರಳು, ಕಬ್ಬಿಣ ಇಷ್ಟೇ. ಹಿಂದಿನ ಬಣ್ಣಕ್ಕೆ ಮರಳುವ ದಾರಿ ಇಲ್ಲ. ಕೆಟ್ಟ ಕಾಗದಕ್ಕೆ ಬದಲಿ ಇಲ್ಲ.

ಹಲಗೆಯ ಮೇಲೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಬಲಗಡೆಯವರು ಎಡಗಡೆ, ಎಡಗಡೆಯವರು ಬಲಗಡೆ. ಎರಡು ಮೂರು ಬಣ್ಣ ಕೂತ ಮೇಲೆ ಹಲಗೆಯ ಪೆನ್ಸಿಲ್ ಗೆರೆ ಕಾಣುವುದಿಲ್ಲವಾದ್ದರಿಂದ ಅವರು ತಾವೇ ಬರೆದು ಗೋಡೆಗೆ ಸಿಕ್ಕಿಸಿದ ಮೂಲಚಿತ್ರವನ್ನು ಕನ್ನಡಿಯಲ್ಲಿ ನೋಡುತ್ತ ಕೆತ್ತುತ್ತಾರೆ. ಬೂದು ಒತ್ತಿದ ಮೇಲೆ ದೊಡ್ಡಮ್ಮನ ಕೂದಲನ್ನು ತೆಗೆಯಬೇಕಿತ್ತು, ಅದು ಬೂದುಬಣ್ಣದಲ್ಲೇ ಉಳಿಯಲೆಂದು. ಆ ದಿನ ಅವರು ಕನ್ನಡಿ ನೋಡದೆ ನೇರವಾಗಿ ಚಿತ್ರವನ್ನೇ ನೋಡಿದರು. ಚಿತ್ರದಲ್ಲಿ ದೊಡ್ಡಮ್ಮ ಬಲಕ್ಕಿದ್ದಾರೆ. ಹಲಗೆಯ ಬಲಕ್ಕಿದ್ದದ್ದು ಆನೆಯ ತಲೆ.

“ಕೆಲಸಕ್ಕೆ ಸೇರಿದ ಮೊದಲನೇ ವಾರ ಮಾಡೋ ತಪ್ಪು ಇದು. ನಾನು ಅರವತ್ತನೇ ವರ್ಷದಲ್ಲಿ ಮಾಡಿದೀನಿ.”

ಅರವತ್ತು ಎಂದದ್ದು ಅವರ ವಯಸ್ಸಲ್ಲ, ಸರ್ವಿಸ್ಸು. ೧೯೬೪ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಬೆಂಕಿಪೆಟ್ಟಿಗೆ ಮತ್ತು ಸಾಬೂನಿನ ಲೇಬಲ್ ಅಚ್ಚು ಮಾಡುವ ಕಾರ್ಖಾನೆಗೆ ಸೇರಿದರು. ತಂದೆ ಅಲ್ಲೇ ಗೋದಾಮಿನ ಕಾವಲಿಗಿದ್ದರು. ಕೆಳಗೆ ಗಂಡಸರ ಯಂತ್ರಗಳು. ಮಹಡಿಯ ಮೇಲೆ ಹೆಂಗಸರ ಕೋಣೆ. ಅಲ್ಲಿ ಬ್ಲಾಕು ಕೆತ್ತಿ, ಕೈಪ್ರೆಸ್ಸಿನಲ್ಲಿ ಒಂದು ಪ್ರೂಫ್ ತೆಗೆದು, ತಪ್ಪಿದ್ದರೆ ತಿದ್ದಿ ಕೆಳಗೆ ಕಳಿಸಬೇಕು. ಎರಡು ಇಂಚು ಅಗಲದ ಲೇಬಲ್ಲಿಗೆ ಎರಡು ದಿನ. ಮೂರು ಬಣ್ಣವಿದ್ದರೆ ಮೂರು ಬ್ಲಾಕು, ಆರು ದಿನ. ೧೯೯೧ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಅಲ್ಲೇ ಇದ್ದರು. ಎಷ್ಟು ಲೇಬಲ್ ಕೆತ್ತಿದರು ಎಂದರೆ ಸಾವಿರದ ಮೇಲೆ ಎನ್ನುತ್ತಾರೆ. ದಾಖಲೆ ಇಲ್ಲ. ಅವರ ಬಳಿ ಈಗ ಉಳಿದಿರುವುದು ನಲವತ್ತೊಂದು. ಹುಲಿ, ಹಡಗು, ಗುಲಾಬಿ, ಓಡುವ ಕುದುರೆ, ಎರಡು ಬಗೆಯ ಸೂರ್ಯ. ಯಾವುದರ ಮೇಲೂ ಅವರ ಹೆಸರಿಲ್ಲ.

ಇದರ ಬಗ್ಗೆ ಬೇಸರವಿದೆಯೇ ಎಂದು ಕೇಳಿದರೆ ನಗುತ್ತಾರೆ. “ಬೆಂಕಿಪೆಟ್ಟಿಗೆ ಮೇಲೆ ನನ್ನ ಹೆಸರು ಯಾಕೆ? ಕಡ್ಡಿ ಹತ್ತಿಕೊಂಡ್ರೆ ಸಾಕು.”

ಉಳಿ ಹಿಡಿಯುವುದನ್ನು ಕಲಿಸಿದವರು ದೊಡ್ಡಮ್ಮ. ಕಲಿಸಿದ ರೀತಿ ಹೀಗಿತ್ತು. ಮೊದಲ ಮೂರು ತಿಂಗಳು ಬ್ಲಾಕು ಮುಟ್ಟಲು ಬಿಡಲಿಲ್ಲ, ಬರೀ ಉಳಿ ಮಸೆಯುವುದು. ಮಸೆದ ಉಳಿಯನ್ನು ತಮ್ಮ ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡುತ್ತಿದ್ದರು. ಜಾರಿದರೆ ಮತ್ತೆ ಕಲ್ಲಿಗೆ. ನಿಂತರೆ ಸರಿ. “ಮೂರು ತಿಂಗಳು ಆದಮೇಲೆ ಒಂದಿನ ನನ್ನ ಉಳಿ ಅವರ ಉಗುರಿನ ಮೇಲೆ ನಿಂತುಬಿಡ್ತು. ಹೋಗಿ ತಮ್ಮ ಪಕ್ಕದ ಸ್ಟೂಲ್ ಎಳೆದು ಒರೆಸಿದ್ರು. ಅಷ್ಟೇ ಸರ್ಟಿಫಿಕೇಟು.”

ಮನೆಯ ಕೆಲಸ ಎಂದು ಉಳಿಯಕ್ಕ ಕರೆಯುವುದು ಅಡುಗೆಯನ್ನಲ್ಲ, ತಮ್ಮ ಸ್ವಂತ ಚಿತ್ರಗಳನ್ನು. ೧೯೭೦ರ ಸುಮಾರಿಗೆ ಕಾರ್ಖಾನೆಯ ಮೆಟ್ಟಿಲಿಗೆ ಹಾಸಿದ್ದ ಲಿನೋಲಿಯಂ ಕಿತ್ತು ಎಸೆದಾಗ ಒಂದಷ್ಟು ತುಂಡು ಮನೆಗೆ ತಂದರು. ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದರು. ಇಬ್ಬರೂ ಒಂದೇ ದೀಪದ ಕೆಳಗೆ, ಮೇಜಿನ ಎರಡು ಬದಿಯಲ್ಲಿ ಕೂರುತ್ತಿದ್ದರು. ಅವರು ಹೋಗಿ ಹನ್ನೊಂದು ವರ್ಷವಾಯಿತು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅವರ ಭೂತಕನ್ನಡಿ ಈಗಲೂ ಬಳಕೆಯಲ್ಲಿದೆ. ಕಾರ್ಖಾನೆ ಮುಚ್ಚಿದಾಗ ಗುಜರಿಗೆ ಹೊರಟಿದ್ದ ಕೈಪ್ರೆಸ್ಸನ್ನು ಬಿಡಿಬಿಡಿಯಾಗಿ ಬಿಚ್ಚಿಸಿ ಈ ಕೋಣೆಗೆ ತಂದು ಜೋಡಿಸಿದವರೂ ಅವರೇ. ಆನೆ ಇಪ್ಪತ್ತು ವರ್ಷ ತಿರುಗಿಸಿದ ಪ್ರೆಸ್ಸು ಇದು.

ಸ್ವಂತ ಚಿತ್ರಗಳು ಒಟ್ಟು ನೂರ ಹನ್ನೆರಡು. ಬಟ್ಟೆ ಒಣಹಾಕುವ ತಂತಿಗಳು, ಬಸ್ಸಿಗೆ ಕಾಯುವ ಬೆನ್ನುಗಳು, ಷಿಫ್ಟು ಮುಗಿದು ಮೆಟ್ಟಿಲಿಳಿಯುವ ಕಾಲುಗಳು. ಪ್ರದರ್ಶನಕ್ಕೆ ಹೋದದ್ದು ಎರಡೇ ಸಲ, ಎರಡೂ ಹತ್ತಾರು ಜನರ ಜೊತೆ. ಒಂದರಲ್ಲಿ ಅವರ ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದ್ದರು. “ಮೂರು ದಿನ ಯಾರೂ ಗಮನಿಸಲಿಲ್ಲ. ನಾನೂ ಹೇಳಲಿಲ್ಲ. ಹಾಗೆ ನೋಡಿದ್ರೂ ಚೆನ್ನಾಗೇ ಕಾಣ್ತಿತ್ತು.”

ಈಗಿನ ದಿನಚರಿ ಚಿಕ್ಕದು. ಐದಕ್ಕೆ ಏಳುತ್ತಾರೆ, ಕಾಫಿ ಕುಡಿದು ಐದೂವರೆಗೆ ಕೆಳಗಿಳಿಯುತ್ತಾರೆ. ಒತ್ತುವ ದಿನವಾದರೆ ಒಂಬತ್ತರೊಳಗೆ ಮುಗಿಸಬೇಕು, ಆಮೇಲೆ ಕಾಗದದ ತೇವ ಆರುತ್ತದೆ. ಕೆತ್ತುವ ದಿನವಾದರೆ ಒಂದೇ ಗಂಟೆ. ಬಲಗೈ ಹೆಬ್ಬೆರಳಿನ ಕೀಲು ಸವೆದಿದೆ, ಅದಕ್ಕಿಂತ ಹೆಚ್ಚು ಕೂಡದು ಎಂದು ಡಾಕ್ಟರು ಹೇಳಿದ್ದಾರೆ. ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮಗಳು ಅಡುಗೆಮನೆಯ ಅಲಾರಂ ತಂದಿಟ್ಟಿದ್ದಾಳೆ. ಅದು ಹೊಡೆದುಕೊಂಡರೆ ಉಳಿ ಕೆಳಗಿಡಬೇಕು. “ಇಡ್ತಾರೆ. ಆಮೇಲೆ ನಾನು ಸ್ನಾನಕ್ಕೆ ಹೋದ್ಮೇಲೆ ಮತ್ತೆ ಎತ್ಕೋತಾರೆ” ಎಂದು ಮಗಳು ದೂರುತ್ತಾಳೆ.

ಈ ಒಂಬತ್ತು ಹೆಂಗಸರ ಚಿತ್ರ ಮಾಡಲು ಕಾರಣ ಆನೆಯೇ. ಕಾರ್ಖಾನೆಯ ಆ ಕೋಣೆಯಲ್ಲಿ ಯಾರೂ ಯಾವತ್ತೂ ಫೋಟೋ ತೆಗೆದಿರಲಿಲ್ಲ. ಉಳಿದವರಿಗೆ ಮದುವೆಯದೋ ಮತ್ತೊಂದೋ ಹಳೆಯ ಫೋಟೋ ಇದೆ. ಮನೆ ಬದಲಿಸುವಾಗ ಪೆಟ್ಟಿಗೆ ಕಳೆದುಕೊಂಡ ಆನೆಗೆ ಅದೂ ಇಲ್ಲ. ಅವರ ಬಳಿಯಿರುವ ಅತಿ ಹಳೆಯ ಫೋಟೋ ನಲವತ್ತೊಂದನೇ ವಯಸ್ಸಿನ ಗುರುತಿನ ಚೀಟಿಯದ್ದು. ಕಳೆದ ವರ್ಷ ಆರು ವರ್ಷದ ಮೊಮ್ಮಗಳು, “ಅಜ್ಜಿ, ನೀನು ಹುಟ್ಟಿದಾಗಿಂದ ಅಜ್ಜಿನೇನಾ?” ಎಂದು ಕೇಳಿದಳಂತೆ. ಇದನ್ನು ಆನೆ ಫೋನಿನಲ್ಲಿ ನಗುತ್ತ ಹೇಳಿದರು. ಉಳಿಯಕ್ಕ ನಗಲಿಲ್ಲ. “ಇರು, ನಿನಗೆ ಇಪ್ಪತ್ತೆರಡು ಆಗಿದ್ದಾಗ ಹೇಗಿದ್ದೆ ಅಂತ ನಾನು ಮಾಡಿಕೊಡ್ತೀನಿ” ಎಂದರು. ಹೇಗೂ ಮಾಡುವುದಾದರೆ ಎಲ್ಲರನ್ನೂ ಮಾಡೋಣ ಎಂದು ತಮ್ಮದೂ ಸೇರಿ ಒಂಬತ್ತು ಮನೆಗೂ ಒಂದೊಂದು ಪ್ರತಿ ಎಂದು ಮಾತು ಕೊಟ್ಟರು. ಒಂಬತ್ತು ಜನರಲ್ಲಿ ಐವರು ಇದ್ದಾರೆ. ಅವರಲ್ಲಿ ಒಬ್ಬರಿಗೆ ಮನೆಯವರ ಗುರುತು ತಪ್ಪುತ್ತಿದೆ. ದೊಡ್ಡಮ್ಮ ಸೇರಿ ನಾಲ್ವರು ಇಲ್ಲ. ಅವರ ಪ್ರತಿ ಅವರವರ ಮಕ್ಕಳಿಗೆ.

ಇಪ್ಪತ್ತು ಹಾಳೆಗಳಿಂದ ಶುರು ಮಾಡಿದ್ದರು. ಹಳದಿಯಲ್ಲಿ ಮೂರು ಕೆಟ್ಟವು, ಕೆಂಪಿನಲ್ಲಿ ನಾಲ್ಕು, ಬೂದಿನಲ್ಲಿ ಎರಡು. ಕಪ್ಪಿಗೆ ಬಂದದ್ದು ಹನ್ನೊಂದು. ಈಗ ಹಗ್ಗದ ಮೇಲಿರುವುದು ಮೊದಲನೆಯದು. ಒದ್ದೆಬಟ್ಟೆಯ ನಡುವೆ ಇನ್ನು ಹತ್ತು.

“ಅಮ್ಮ, ಕೂದಲೊಂದೇ ತಾನೆ? ಸಣ್ಣ ಬ್ರಷ್ಷಲ್ಲಿ ಕಪ್ಪು ಹಚ್ಚಿಬಿಡೋಣ” ಎನ್ನುತ್ತಾಳೆ ಮಗಳು.

ಉಳಿಯಕ್ಕ, “ಫೋನ್ ಹಚ್ಚು ಅವಳಿಗೆ” ಎನ್ನುತ್ತಾರೆ. ಅಮ್ಮನ ಕೈಯಲ್ಲಿ ಇನ್ನೂ ಶಾಯಿ ಇರುವುದರಿಂದ ಮಗಳು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತಾಳೆ.

“ಏನೇ, ಆಯ್ತಾ?” ಆನೆಯ ಧ್ವನಿ ದೊಡ್ಡದು.

“ಆಯ್ತು. ಒಂದು ತಪ್ಪಾಗಿದೆ.”

“ಏನು, ಮೂಗು ಹಾರಿಹೋಯ್ತಾ?”

“ಇಲ್ಲ. ತಲೆ ನರೆತಿದೆ.”

“ಯಾರದ್ದು?”

“ನಿನ್ನದೇ.”

“ದೊಡ್ಡಮ್ಮನದ್ದು?”

“ಕಪ್ಪಗಿದೆ.”

“ನಿನ್ನ ಕನ್ನಡಿ ಎಲ್ಲಿ ಸತ್ತಿತ್ತು?”

“ಪಕ್ಕದಲ್ಲೇ ಇತ್ತು. ನೋಡಲಿಲ್ಲ.”

“ಕೊಬ್ಬು.”

“ಹೂಂ. ಕೊಬ್ಬು.”

“ನಾಳೆ ಬರ್ತೀನಿ. ನಾನು ಬರೋವರೆಗೂ ಕಪ್ಪು ಮುಟ್ಟಬೇಡ.”

ಮರುದಿನ ಏಳಕ್ಕೆ ಮುಂಚೆಯೇ ಆನೆ ಬಾಗಿಲಲ್ಲಿದ್ದಾರೆ. ಎಪ್ಪತ್ತಾರು ವರ್ಷ. ಎರಡು ಬಸ್ಸು ಬದಲಿಸಿ ಬಂದಿದ್ದಾರೆ. ಚಪ್ಪಲಿ ಬಿಟ್ಟವರೇ ಮೊದಲು ಪ್ರೆಸ್ಸಿನ ಹತ್ತಿರ ಹೋಗಿ ಚಕ್ರದ ಹಿಡಿಕೆಯ ಮೇಲೆ ಕೈಯಿಟ್ಟು, “ಎಣ್ಣೆ ಹಾಕಿ ಎಷ್ಟು ದಿನ ಆಯ್ತು?” ಎಂದು ಗದರುತ್ತಾರೆ. ನಂತರ ಕನ್ನಡಕ ಹಾಕಿಕೊಂಡು ಹಗ್ಗದ ಕಡೆ ತಿರುಗುತ್ತಾರೆ.

ನೋಡಲು ಬಹಳ ಹೊತ್ತು ತೆಗೆದುಕೊಳ್ಳುತ್ತಾರೆ. ಒಬ್ಬೊಬ್ಬರನ್ನೇ ಬೆರಳಿನಿಂದ ಗುರುತಿಸುತ್ತಾರೆ. “ಇವಳು ನೋಡು, ಆಗಲೂ ಕೆಲಸ ಬಿಟ್ಟು ಕಿಟಕಿ ಕಡೆ ನೋಡ್ತಿದಾಳೆ. ಸರಿಯಾಗಿ ಹಿಡಿದಿದೀಯ. ಇವಳ ಚಪ್ಪಲಿ ಮೇಜಿನ ಕೆಳಗೆ, ಅದೂ ಸರಿ.” ಬೆರಳು ದೊಡ್ಡಮ್ಮನ ಹತ್ತಿರ ನಿಲ್ಲುತ್ತದೆ. “ಅಯ್ಯೋ ದೊಡ್ಡಮ್ಮಾ, ನಿಮಗೇನು ಯೌವನ ಬಂತು!” ತಮ್ಮ ಹತ್ತಿರ ಬಂದಾಗ ನಗು ನಿಲ್ಲುತ್ತದೆ. ಮುಖ ಹುಡುಗಿಯದು, ಕೆನ್ನೆ ತುಂಬಿದೆ, ತೋಳು ಚಕ್ರದ ಮೇಲೆ ಬಿಗಿಯಾಗಿದೆ. ಮೇಲೆ ಬೂದಿಯ ತಲೆ.

“ಇದನ್ನ ತೋರಿಸಿದ್ರೆ ನನ್ನ ಮೊಮ್ಮಗಳು, ನೋಡು, ಆಗಲೂ ನೀನು ಅಜ್ಜಿನೇ ಅಂತಾಳೆ” ಎನ್ನುತ್ತಾರೆ. ಈ ಸಲ ಧ್ವನಿ ದೊಡ್ಡದಿಲ್ಲ.

“ಹೊಸ ಹಲಗೆ ತೆಗೀತೀನಿ. ಮೊದಲಿಂದ ಮಾಡ್ತೀನಿ” ಎನ್ನುತ್ತಾರೆ ಉಳಿಯಕ್ಕ.

“ಎಷ್ಟು ದಿನ?”

“ಐದು ತಿಂಗಳು.”

ಆನೆ ಅವರ ಬಲಗೈ ಎಳೆದುಕೊಂಡು ಹೆಬ್ಬೆರಳಿನ ಬುಡವನ್ನು ಒತ್ತುತ್ತಾರೆ. ಉಳಿಯಕ್ಕನ ಹುಬ್ಬು ಗಂಟಿಕ್ಕುತ್ತದೆ.

“ಇದಾ ಐದು ತಿಂಗಳು ಬರೋದು? ಇನ್ನೆಂಟು ಮನೆಯವರು ನನ್ನ ಜುಟ್ಟಿಗೋಸ್ಕರ ಕಾಯಬೇಕಾ? ಒಬ್ಬಳಿಗೆ ಈಗಲೇ ಮಗನ ಗುರುತು ಸಿಗ್ತಿಲ್ಲ. ಇವತ್ತಾದ್ರೆ ನಮ್ಮನ್ನಾದ್ರೂ ಗುರುತು ಹಿಡೀತಾಳೇನೋ.”

“ನಿನಗೆ ಮಾತು ಕೊಟ್ಟಿದ್ದೆ.”

“ಕೊಟ್ಟಿದ್ದೆ. ನೆನಪಿದೆ. ಮೊದಲು ಇದನ್ನ ಮುಗಿಸು.”

ಮಗಳು ಧೈರ್ಯ ಮಾಡಿ, “ಆನೆ ಚಿಕ್ಕಮ್ಮ, ನೀವಾದ್ರೂ ಹೇಳಿ, ಬ್ರಷ್ಷಲ್ಲಿ ಒಂದು ಚೂರು...” ಎನ್ನುತ್ತಾಳೆ.

“ಬ್ರಷ್ಷಾ?” ಇಬ್ಬರೂ ಒಟ್ಟಿಗೇ ತಿರುಗುತ್ತಾರೆ. ಮಗಳು ಕಾಫಿ ತರಲು ಮೇಲೆ ಹೋಗುತ್ತಾಳೆ.

ಅಚ್ಚಿನಲ್ಲಿ ಆದದ್ದನ್ನು ಕುಂಚದಿಂದ ಮುಚ್ಚುವಂತಿಲ್ಲ ಎಂಬುದು ಆ ಕೋಣೆಯ ಕಟ್ಟಳೆಯಾಗಿತ್ತು. ಪ್ರೂಫಿನ ಮೇಲೆ ಶಾಯಿ ಹಚ್ಚಿ ತಪ್ಪು ಅಡಗಿಸಿದವರಿಗೆ ದೊಡ್ಡಮ್ಮ ಒಂದು ವಾರ ಉಳಿ ಕೊಡುತ್ತಿರಲಿಲ್ಲ. ಹಲಗೆಯಲ್ಲಿ ಮಾಡಬಹುದಾದದ್ದು ಈಗ ಒಂದೇ, ದೊಡ್ಡಮ್ಮನ ಕೂದಲನ್ನೂ ಕೆತ್ತಿ ತೆಗೆಯುವುದು. ಆಗ ಅವರ ನರೆ ಅವರಿಗೆ ಸಿಗುತ್ತದೆ. ಆನೆಯದು ಹೇಗಿದೆಯೋ ಹಾಗೆ.

ಉಳಿಯಕ್ಕ ಭೂತಕನ್ನಡಿ ಸಿಕ್ಕಿಸಿಕೊಳ್ಳುತ್ತಾರೆ. ಆನೆ ಕನ್ನಡಿಯನ್ನು ಮೂಲಚಿತ್ರದ ಎದುರು ಹಿಡಿದು, ಇನ್ನೊಂದು ಕೈಯ ಬೆರಳನ್ನು ಹಲಗೆಯ ಮೇಲಿಡುತ್ತಾರೆ.

“ಇದು ದೊಡ್ಡಮ್ಮ. ಇಲ್ಲಿ. ನಾನು ಬೆರಳಿಟ್ಟಿದೀನಿ, ಕಾಣ್ತಾ?”

“ಕಾಣುತ್ತೆ, ತೆಗಿ.”

“ನನ್ನ ತಲೆ ಆಯ್ತು, ಇನ್ನು ಬೆರಳು ಕಡೀಬೇಡ.”

ಎಂಟು ನಿಮಿಷದಲ್ಲಿ ಅದು ಮುಗಿಯುತ್ತದೆ. ನಂತರ ಒತ್ತುವ ಕೆಲಸ. ಮಗಳು ತಿರುಗಿಸಲು ಬಂದರೆ ಆನೆ ಅವಳನ್ನು ಮೊಣಕೈಯಿಂದ ಸರಿಸುತ್ತಾರೆ. ಚಕ್ರ ಅವರ ಎದೆಯ ಮಟ್ಟಕ್ಕಿದೆ. ತೋಳಿನಿಂದ ಎಳೆಯುವುದಿಲ್ಲ. ಒಂದು ಕಾಲು ಹಿಂದಿಟ್ಟು ಇಡೀ ಮೈಯನ್ನು ವಾಲಿಸುತ್ತಾರೆ, ಚಕ್ರ ತಡೆಯಿಲ್ಲದೆ ಸುತ್ತುತ್ತದೆ. ಶಾಯಿ, ಕಾಗದ, ಚಕ್ರ, ಸುಲಿಯುವುದು. ಒಂದು ಹಾಳೆಗೆ ಸುಮಾರು ಎಂಟು ನಿಮಿಷ. ಒಬ್ಬರು ಕೈ ತೆಗೆಯುವುದಕ್ಕೂ ಇನ್ನೊಬ್ಬರು ವಾಲುವುದಕ್ಕೂ ಅಂತರ ಕಾಣುವುದಿಲ್ಲ. ಆರನೆಯ ಹಾಳೆ ಮಡಿಕೆ ಬಿದ್ದು ಹಾಳಾಗುತ್ತದೆ. “ನಂದು” ಎನ್ನುತ್ತಾರೆ ಆನೆ. “ಇಲ್ಲ, ನಾನು ಸರಿಯಾಗಿ ಹಾಸಲಿಲ್ಲ” ಎನ್ನುತ್ತಾರೆ ಉಳಿಯಕ್ಕ. ವಾದ ಅಲ್ಲಿಗೇ ಮುಗಿಯುತ್ತದೆ. ಇನ್ನು ಒಂದು ಕೆಟ್ಟರೂ ಒಂದು ಮನೆಗೆ ಇಲ್ಲ. ಎಂಟೂ ಮುಕ್ಕಾಲಿಗೆ ಕೊನೆಯ ಹಾಳೆ ಸುಲಿದು ಹಗ್ಗಕ್ಕೆ ಏರುತ್ತದೆ. ನಿನ್ನೆಯ ಹಾಳೆ ಬಿಟ್ಟು ಒಂಬತ್ತು.

ಪ್ರತಿಯೊಂದರ ಕೆಳಗೂ ಎಡಕ್ಕೆ ಸಂಖ್ಯೆ, ಬಲಕ್ಕೆ ಪೆನ್ಸಿಲಿನಲ್ಲಿ ಸಹಿ. ಶಾಯಿ ಆರಿದ ಮೇಲೆ ಹಾಕುವುದು ವಾಡಿಕೆ, ಆದರೆ ಆನೆ ಮತ್ತೆ ಯಾವಾಗ ಬರುತ್ತಾರೋ. ಉಳಿಯಕ್ಕ ತಮ್ಮ ಸಹಿ ಹಾಕಿ, ಪಕ್ಕದಲ್ಲಿ ‘ಕೆತ್ತಿದವಳು’ ಎಂದು ಬರೆದು ಪೆನ್ಸಿಲನ್ನು ಆನೆಗೆ ಕೊಡುತ್ತಾರೆ. ಆನೆ ಬೇಡವೆಂದು ಎರಡು ಸಲ ಹೇಳಿ, ಮೂರನೆಯ ಸಲ ತೆಗೆದುಕೊಂಡು, ‘ಒತ್ತಿದವಳು’ ಎಂದು ಬರೆದು ಸಹಿ ಹಾಕುತ್ತಾರೆ. ಒಂಬತ್ತು ಸಲವೂ ಅಕ್ಷರ ಒಂದೇ ಅಳತೆ. ಹೊರಡುವಾಗ ತಮ್ಮ ಪ್ರತಿಯನ್ನು ಒಯ್ಯುವುದಿಲ್ಲ. “ಆರಲಿ. ಆಮೇಲೆ ಕಳಿಸು” ಎನ್ನುತ್ತಾರೆ. ಅದನ್ನು ಮೊಮ್ಮಗಳಿಗೆ ತೋರಿಸುವ ಅವಸರ ಇಲ್ಲವೆಂಬುದು ಎಲ್ಲರಿಗೂ ತಿಳಿಯುತ್ತದೆ.

ಒಂದು ವಾರದ ನಂತರ, ಬೆಳಗಿನ ಅದೇ ಹೊತ್ತು. ಏಳು ಪ್ರತಿಗಳು ಆಯಾ ಮನೆಗಳಿಗೆ ಹೋಗಿವೆ. ಗುರುತು ತಪ್ಪುವ ಗೆಳತಿಯ ಮಗ ಫೋನ್ ಮಾಡಿದ್ದನಂತೆ. ತಾಯಿ ಚಿತ್ರ ನೋಡಿ ಕೂಡಲೇ ಒಬ್ಬರ ಅಡ್ಡಹೆಸರು ಹೇಳಿದರು, ಯಾರದೆಂದು ಅವನಿಗೆ ತಿಳಿಯಲಿಲ್ಲ. ಅಡ್ಡಹೆಸರು ಕೇಳಿ ಉಳಿಯಕ್ಕ, “ಅದು ಸರಿಯಾಗೇ ಇದೆ. ಕಿಟಕಿ ಹತ್ತಿರ ನಿಂತವಳು” ಎಂದರು.

ಉಳಿಯಕ್ಕನ ಪ್ರತಿಯ ಜೊತೆ ಆನೆಯದೂ ಇಲ್ಲೇ ಇದೆ. ಮೇಜಿನ ಮೇಲೆ ಅಂಗೈ ಅಗಲದ ಲಿನೋಲಿಯಂ ತುಂಡು. ಅದರ ಮೇಲೆ ಇಪ್ಪತ್ತೆರಡರ ಆನೆಯ ತಲೆಯೊಂದೇ, ಹಿಂದೆ ಚಕ್ರದ ಒಂದು ಭಾಗ. ಒಂದೇ ಬಣ್ಣ, ಒಂದೇ ಪ್ರತಿ. ಕೆನ್ನೆಯ ಬೆಳಕಿನ ಭಾಗ ಮಾತ್ರ ಕೆತ್ತಿದೆ. ದಿನಕ್ಕೆ ಅರ್ಧ ಗಂಟೆ, ಅಲಾರಂ ಹೊಡೆದ ಮೇಲೆ ಇಲ್ಲ. ಈ ವಿಷಯದಲ್ಲಿ ಅವರು ಮೊದಲ ಸಲ ಮಗಳ ಮಾತು ಕೇಳುತ್ತಿದ್ದಾರೆ. ಎರಡೂ ಒಟ್ಟಿಗೆ ಕಳಿಸಬೇಕೆಂದಿದ್ದಾರೆ. “ಇದು ಮುಗಿಯೋವರೆಗೂ ಹೆಬ್ಬೆರಳು ಜಗಳ ತೆಗೀದೆ ಇದ್ರೆ ಸಾಕು. ಆಮೇಲೆ ಅದು ಏನು ಬೇಕಾದ್ರೂ ಮಾಡಿಕೊಳ್ಳಲಿ.”

ಮುಖ ಇನ್ನು ನಾಲ್ಕು ದಿನದಲ್ಲಿ ಆಗಬಹುದು ಎನ್ನುತ್ತಾರೆ. ಅಷ್ಟೊಂದು ಕೂದಲಿಗೆ ಎಷ್ಟು ದಿನ ಬೇಕು ಎಂದು ಕೇಳಿದರೆ ತಲೆಯೆತ್ತುತ್ತಾರೆ.

“ಕೂದಲಿಗೆ ದಿನ ಬೇಡ. ಅಲ್ಲಿಗೆ ಉಳಿ ಹೋಗೋದೇ ಇಲ್ಲ. ಕಪ್ಪು ಬೇಕು ಅಂದ್ರೆ ಸುಮ್ಮನೆ ಬಿಟ್ಟುಬಿಡಬೇಕು.”